ಚಾಪೆ ಕೋಣೆಯ ನಡುವೆ ಒಂದು ಕಂಬ

12 ಜನವರಿ 1992, ಭಾನುವಾರ

ನಕ್ಷೆ ಇವತ್ತು ಮುಗಿಯಿತು. ಏಳನೇ ಸಲ ಬರೆದದ್ದು. ಇನ್ನು ಯಾರು ಬಂದು ಕಾಲಿಗೆ ಬಿದ್ದರೂ ಒಂದು ಗೆರೆ ಬದಲಾಯಿಸುವುದಿಲ್ಲ.

ಬಂಗಾರಪೇಟೆಯ ಸೈಟು ನಾನೂ ನನ್ನ ತಮ್ಮ ವೆಂಕಟೇಶಪ್ಪನೂ ಸೇರಿ ಕೊಂಡದ್ದು. ಕೆಳಗಿನ ಮನೆ ಅವನದು. ಆಗಲೇ ಕಟ್ಟಿ ಮುಗಿಸಿ ಹಿತ್ತಲಲ್ಲಿ ಎರಡು ಹಸು ಕಟ್ಟಿದ್ದಾನೆ. ಮಹಡಿ ನನ್ನದು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯ ಲೈನಿನ ಸಾಲುಮನೆಯಲ್ಲಿ ಇಪ್ಪತ್ತು ವರ್ಷ ಒಂದೂವರೆ ಕೋಣೆಯೊಳಗೆ ಮೊಣಕಾಲು ಮಡಚಿಕೊಂಡು ಬದುಕಿದ್ದೇವೆ. ಮಕ್ಕಳಾಗಲಿಲ್ಲ, ಇದ್ದದ್ದು ಗಂಡ ಹೆಂಡತಿ ಇಬ್ಬರೇ, ಆದರೂ ಒಬ್ಬರು ಎದ್ದರೆ ಇನ್ನೊಬ್ಬರು ಸರಿದು ಜಾಗ ಕೊಡಬೇಕಾಗಿತ್ತು. ನಾನು ದಿನವೂ ರೈಲಿನಲ್ಲಿ ಬಂಗಾರಪೇಟೆಯ ಶಾಲೆಗೆ ಹೋಗಿ ಪಾಠ ಹೇಳಿ ಬರುತ್ತೇನೆ. ಇವರು ಗಣಿಯೊಳಗೆ ಟಿಂಬರ್‌ಮನ್, ಎಂದರೆ ಮೇಲಿನ ಬಂಡೆ ಬೀಳದಂತೆ ಮರದ ಕಂಬ ನಿಲ್ಲಿಸುವವರು. ಆಗಿದ್ದರು ಎನ್ನಬೇಕು. ಡಿಸೆಂಬರಿನಲ್ಲಿ ಕೆಲಸ ಬಿಟ್ಟರು, ಇನ್ನೂ ಒಂಬತ್ತು ವರ್ಷ ಸರ್ವೀಸು ಇರುವಾಗಲೇ. ಯಾಕೆಂದು ಕೇಳಿದರೆ ಸಾಕಾಯಿತು ಎನ್ನುತ್ತಾರೆ. ಮಾರ್ಚ್ ಕೊನೆಗೆ ಲೈನಿನ ಮನೆ ಖಾಲಿ ಮಾಡಬೇಕು.

ಮಹಡಿಯಲ್ಲಿ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಉಳಿದದ್ದೆಲ್ಲ ನನ್ನ ಚಾಪೆಗೆ. ಅಜ್ಜಿ ಕಲಿಸಿದ ಈಚಲು ಚಾಪೆ ಹೆಣಿಗೆಯೊಂದೇ ನನ್ನ ಜೀವಕ್ಕೆ ಅಂಟಿಕೊಂಡಿರುವ ಹವ್ಯಾಸ. ಲೈನಿನ ಮನೆಯಲ್ಲಿ ಆರಡಿಗಿಂತ ಉದ್ದ ಹೆಣೆಯಲು ಆಗಲೇ ಇಲ್ಲ, ಗೋಡೆ ಬಂದುಬಿಡುತ್ತಿತ್ತು. ಇಲ್ಲಿ ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಕೋಣೆ, ನಡುವೆ ಏನೂ ಇರಬಾರದು. ಉತ್ತರದ ಕಿಟಕಿಯ ಕೆಳಗೆ ಗರಿ ನೆನೆಸಲು ಕಲ್ಲು ತೊಟ್ಟಿ. ಗೋಡೆಯುದ್ದಕ್ಕೂ ಗರಿ ಒಣಹಾಕಲು ಬಿದಿರಿನ ಗಳ. ನೆಲಕ್ಕೆ ನುಣುಪು ಕಲ್ಲು, ಗೋಡೆಗೆ ಸುಣ್ಣದ ಗಾರೆ, ಮೇಲೆ ಕಲ್ಲು ಚಪ್ಪಡಿ. ತಮ್ಮ ಕೆಳಗೆ ಹಾಕಿಸಿರುವಂಥ ಕಾಂಕ್ರೀಟು ಬೇಡವೇ ಬೇಡ. ಆ ಸೆಕೆಗೆ ಗರಿ ಒಣಗಿ ಪಟಪಟ ಮುರಿಯುತ್ತದೆ.

ಇವರಿಗೆ ನಕ್ಷೆ ತೋರಿಸಿದೆ. ತುಂಬ ಹೊತ್ತು ನೋಡಿ, ಚಾಪೆ ಕೋಣೆಯ ನಟ್ಟನಡುವೆ ಬೆರಳಿಟ್ಟರು.

"ಇಲ್ಲೊಂದು ಕಂಬ ಬೇಕು ಕಣೆ."

ನಕ್ಕುಬಿಟ್ಟೆ. ಹತ್ತಡಿ ಚಪ್ಪಡಿಗೆ ಕಂಬ ಬೇಡವೆಂದು ಮೇಸ್ತ್ರಿ ಕದಿರಪ್ಪನೇ ಹೇಳಿದ್ದಾನೆ, ಅವನು ಮೂವತ್ತು ವರ್ಷದಿಂದ ಕಲ್ಲು ಕೂರಿಸುತ್ತಿದ್ದಾನೆ ಎಂದೆ. ಇವರು ನಗಲಿಲ್ಲ, ಬೆರಳನ್ನು ತೆಗೆಯಲೂ ಇಲ್ಲ. ನಾನೇ ನಕ್ಷೆ ಎಳೆದುಕೊಂಡೆ.

19 ಜನವರಿ, ಭಾನುವಾರ

ಮತ್ತೆ ಕಂಬದ ಮಾತು. ಊಟಕ್ಕೆ ಕೂತಾಗ ಇವರಾಗಿಯೇ ತೆಗೆದರು. ಕಲ್ಲಿನ ಕಂಬವೂ ಬೇಡವಂತೆ, ಕಬ್ಬಿಣದ್ದೂ ಬೇಡವಂತೆ, ನೀಲಗಿರಿ ಮರದ್ದೇ ಆಗಬೇಕಂತೆ. ಕಲ್ಲು, ಕಬ್ಬಿಣ ಎಲ್ಲ ಮುರಿಯುವವರೆಗೂ ಬಾಯಿ ಬಿಡುವುದಿಲ್ಲ, ಮರ ಮಾತ್ರ ಮುರಿಯುವ ಮೊದಲು ಕಿರುಗುಟ್ಟಿ ಹೇಳುತ್ತದೆ, ಕೇಳಿಸಿಕೊಂಡವನು ಓಡಿ ಬದುಕುತ್ತಾನೆ ಎಂದರು. ಗಣಿಯ ಬುದ್ಧಿ ಗಣಿಯಲ್ಲಿ ಬಿಟ್ಟು ಬನ್ನಿ, ನಮ್ಮ ಮನೆಯ ಮೇಲೆ ಇರುವುದು ಆಕಾಶ ಎಂದೆ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಬಿಟ್ಟು ಕೈ ತೊಳೆದರು.

ಇವರಿಗೆ ನಿದ್ದೆ ಇಲ್ಲ, ಅದೇ ಇದಕ್ಕೆಲ್ಲ ಮೂಲ. 1990ರ ನವೆಂಬರಿನಲ್ಲಿ ಎರಡನೇ ಶಿಫ್ಟಿನಲ್ಲಿ ಒಳಗೆ ಬಂಡೆ ಕುಸಿದು ದೊಡ್ಡವೆಂಕಟಪ್ಪ ತೀರಿಕೊಂಡ. ಇವರೂ ಅವನೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಅಂದು ಇವರು ಮೊದಲ ಶಿಫ್ಟು ಮುಗಿಸಿ ಮೇಲೆ ಬಂದು, ಮೂರು ಗಂಟೆ ರೈಲಿಗೆ, ಶಾಲೆಗೆ ರಜೆ ಹಾಕಿದ್ದ ನನ್ನ ಜೊತೆ ಈ ಸೈಟು ನೋಡಲು ಬಂದಿದ್ದರು. ಬರದೆ ಅಲ್ಲೇ ಯಾವುದಾದರೂ ಕೆಲಸಕ್ಕೆ ನಿಂತಿದ್ದರೆ? ಈ ಸೈಟೇ ಇವರನ್ನು ಉಳಿಸಿತು ಎಂದು ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ. ಅದಕ್ಕೇ ಈ ಮನೆಯ ಮೇಲೆ ನನಗೆ ಇಷ್ಟು ಆಸೆ. ಜಾಗ ಬದಲಾದರೆ ನಿದ್ದೆ ತಾನಾಗಿ ಬರುತ್ತದೆ.

9 ಫೆಬ್ರವರಿ, ಭಾನುವಾರ

ಚಪ್ಪಡಿ ಏರಿಸಿದರು. ಒಂದೊಂದಕ್ಕೂ ಎಂಟೆಂಟು ಜನ. ಹನ್ನೆರಡು ಚಪ್ಪಡಿ ಸಾಲಾಗಿ ಕೂತಾಗ ನನಗೆ ಅಳು ಬಂತು, ಸಂತೋಷಕ್ಕೆ. ಕೆಳಗೆ ನಿಂತರೆ ಬಾವಿಯ ಕಟ್ಟೆಯ ಹತ್ತಿರ ನಿಂತಷ್ಟು ತಂಪು.

ಆದರೆ ಇವರು ಮರ್ಯಾದೆ ತೆಗೆದರು. ಆಳುಗಳು ಚಪ್ಪಡಿ ಕೂರಿಸಿ ಅದರ ಕೆಳಗೇ ಬೀಡಿ ಹಚ್ಚಿ ಕೂತಿದ್ದರು. ಇವರು ಬೀದಿಯಿಂದ ಮೆಟ್ಟಿಲು ಹತ್ತಿ ಓಡಿ ಬಂದು ಒಬ್ಬೊಬ್ಬರ ರಟ್ಟೆ ಹಿಡಿದು ಹೊರಗೆಳೆದರು. ಮೈಯೆಲ್ಲ ಬೆವರು. ಕದಿರಪ್ಪ ನನ್ನ ಮುಖ ನೋಡಿದ. "ಮೇಡಮ್ಮೋರೆ, ಯಜಮಾನ್ರಿಗೆ ಮೈಗೆ ಉಸಾರಿಲ್ವಾ?" ಎಂದು ಕೇಳಿದ. ಬಿಸಿಲು ಎಂದೆ. ಫೆಬ್ರವರಿಯಲ್ಲಿ ಎಂಥ ಬಿಸಿಲು.

23 ಫೆಬ್ರವರಿ

ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ರುಬ್ಬಿಸಿ ಗಾರೆ ಮೆತ್ತಿಸುತ್ತಿದ್ದೇನೆ. ಬೀದಿಯಲ್ಲಿ ಹೋಗುವವರೆಲ್ಲ ಮೂಗು ತೂರಿಸಿ, ಸಿಮೆಂಟು ಸಿಗಲಿಲ್ಲವಾ ಟೀಚರ್ ಎಂದು ಕೇಳಿ ಹೋಗುತ್ತಾರೆ. ಸಿಗಲಿಲ್ಲ ಎಂದು ಹೇಳುತ್ತೇನೆ, ಅವರಿಗೂ ಖುಷಿಯಾಗಲಿ. ಗೋಡೆ ಮೊಟ್ಟೆಯ ಹಾಗೆ ನುಣ್ಣಗಾಗಿದೆ. ಇವರು ನೋಡಲು ಬರಲಿಲ್ಲ. ತೂಕ ಇಳಿದಿದ್ದಾರೆ, ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಯುವಷ್ಟು ಜಾಗ ಕಾಣುತ್ತದೆ.

15 ಮಾರ್ಚ್, ಭಾನುವಾರ

ಸಾಮಾನು ಕಟ್ಟುತ್ತಿದ್ದೇವೆ. ಊರು ಬಿಡುವ ಮೊದಲು ಕೋರಮಂಡಲ್‌ಗೆ ಹೋಗಿ ದೊಡ್ಡವೆಂಕಟಪ್ಪನ ಹೆಂಡತಿ ಮಂಗಮ್ಮನನ್ನು ನೋಡಿ ಬರೋಣ ಎಂದೆ. ಅವಳು ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದಾಳೆ, ರೈಲಿನಲ್ಲಿ ಎರಡು ಸ್ಟೇಷನ್ನು. ಇವರು ಕೇಳಿಸದವರ ಹಾಗೆ ಗೋಣಿಯ ಬಾಯಿ ಹೊಲಿಯುತ್ತಾ ಕೂತರು. ಎರಡನೇ ಸಲ ಹೇಳಿದ್ದಕ್ಕೆ ಎದ್ದು ಹೊರಗೆ ಹೋದರು. ಸ್ನೇಹಿತನ ಹೆಂಡತಿಯನ್ನು ಮಾತನಾಡಿಸಲೂ ಸೋಮಾರಿತನ. ನಾನೊಬ್ಬಳೇ ಹೋದೆ.

ಮಂಗಮ್ಮ ಬಾಗಿಲಿಗೆ ಬಂದವಳು ಮೊದಲು ನನ್ನ ಹಿಂದೆ ನೋಡಿದಳು. "ಅಣ್ಣ ಬರ್ಲಿಲ್ವಾ?" ಎಂದಳು. ಕಾಲು ನೋವು ಎಂದೆ. ಸಮಾಧಾನದ ಮಾತು ಏನು ಹೇಳಲಿ? ಎಲ್ಲ ಹಣೆಬರಹ ಮಂಗಮ್ಮ, ಆ ದಿನ ಸೈಟು ನೋಡಲು ಬರದಿದ್ದರೆ ನನ್ನ ಗತಿಯೂ ಇದೇ ಆಗುತ್ತಿತ್ತೋ ಏನೋ, ಆ ಸೈಟೇ ಇವರನ್ನು ಉಳಿಸಿತು ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ಬರಲು ತುಂಬ ಹೊತ್ತಾಯಿತು. ಪಾಪ, ಒಳಗೆ ಅತ್ತಿರಬೇಕು.

12 ಏಪ್ರಿಲ್, ಭಾನುವಾರ

ಗೃಹಪ್ರವೇಶ ಆಯಿತು. ಎಪ್ಪತ್ತು ಎಲೆ ಊಟ. ಶಾಲೆಯವರು, ತಮ್ಮನ ಕಡೆಯವರು, ಲೈನಿನಿಂದ ಹತ್ತಿಪ್ಪತ್ತು ಜನ. ಎಲ್ಲರೂ ಚಾಪೆ ಕೋಣೆಯಲ್ಲೇ ನಿಂತರು. ಇಂಥ ತಂಪು ಎಲ್ಲೂ ಕಂಡಿಲ್ಲ ಎಂದರು. ನಮ್ಮ ಲೈನಿನ ಕುಪ್ಪುಸ್ವಾಮಿ, ಗಣಿಯ ಬಾಯಲ್ಲಿ ಒಳಗಿಳಿಯುವವರಿಗೆ ದೀಪ ಕೊಡುವವನು, ಕಲ್ಲು ತೊಟ್ಟಿಗೆ ಕೈ ಹಾಕಿ ಮಗುವಿನ ಹಾಗೆ ನೀರು ಚಿಮ್ಮಿಸಿದ. ಸೈಟಿನ ಕಥೆಯನ್ನು ಎಲ್ಲರೆದುರು ಮತ್ತೆ ಹೇಳಿದೆ, ಈ ಜಾಗ ನನ್ನ ಗಂಡನ ಪ್ರಾಣ ಉಳಿಸಿದ ಜಾಗ ಎಂದೆ. ಶಾಲೆಯವರು ಕೈ ಮುಗಿದರು. ಕುಪ್ಪುಸ್ವಾಮಿ ಯಾಕೋ ತಲೆ ತಗ್ಗಿಸಿ, ರೈಲಿಗೆ ಹೊತ್ತಾಯಿತು ಎಂದು ಪಾಯಸಕ್ಕೂ ಕಾಯದೆ ಹೊರಟ.

ಇವರು ಪೂಜೆಗೆ ಕೂತಷ್ಟು ಹೊತ್ತು ಒಳಗಿದ್ದರು. ಆಮೇಲೆ ಕಾಣಲಿಲ್ಲ. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮೈಮೇಲೆ ನಿನ್ನೆಯ ರೇಷ್ಮೆ ಪಂಚೆಯೇ ಇತ್ತು. ಇದನ್ನು ಮರುದಿನ ಸೇರಿಸಿ ಬರೆಯುತ್ತಿದ್ದೇನೆ.

22 ಏಪ್ರಿಲ್, ಬುಧವಾರ

ಹತ್ತು ದಿನವಾಯಿತು. ಇವರು ಮಹಡಿಗೆ ಊಟಕ್ಕೆ ಬರುತ್ತಾರೆ, ಬಾಗಿಲ ಹತ್ತಿರವೇ ತಟ್ಟೆ ಹಿಡಿದು ಉಂಡು ಇಳಿದು ಹೋಗುತ್ತಾರೆ. ಮಲಗುವುದು ಕೆಳಗೆ ಹಸು ಕಟ್ಟುವ ಶೀಟಿನ ಚಪ್ಪರದಲ್ಲಿ. ಮಲಗುವುದೆಂದರೆ ಕೂರುವುದು. ತಮ್ಮನ ಹೆಂಡತಿ, ಭಾವನಿಗೆ ಅಕ್ಕನಿಗಿಂತ ನಮ್ಮ ಹಸುಗಳೇ ಇಷ್ಟ ಎಂದು ನಗಾಡಿದಳು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕಿದೆ.

ನನಗೆ ಅರ್ಥವಾಗಿದೆ. ಇದು ಕಂಬದ ಮಾತೂ ಅಲ್ಲ, ಚಪ್ಪಡಿಯ ಮಾತೂ ಅಲ್ಲ. ಹೆಂಡತಿ ಕಟ್ಟಿಸಿದ ಮನೆ, ಹೆಂಡತಿಯ ತಮ್ಮನ ತಲೆಯ ಮೇಲೆ ಕಟ್ಟಿದ ಮನೆ. ಇವರ ಗಂಡಸುತನಕ್ಕೆ ಪೆಟ್ಟು ಬಿದ್ದಿದೆ. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲದೆ ಕಂಬದ ನೆಪ. ಇರಲಿ. ನನ್ನ ಮನೆಯಲ್ಲಿ ನಾನು ಹಾಯಾಗಿ ಕಾಲು ಚಾಚಿ ಮಲಗುತ್ತೇನೆ.

4 ಮೇ, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಈಚಲು ಗರಿ ಕೊಯ್ದು ತರಲು ಎರಡು ದಿನ ಅಮ್ಮನ ಊರಿಗೆ ಹೋಗಿದ್ದೆ. ಕೆರೆ ಏರಿಯ ಮೇಲೆ ಮುಳ್ಳು ಚುಚ್ಚಿಸಿಕೊಂಡು ನಾಲ್ಕು ಹೊರೆ ಮಾಡಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಬಾಗಿಲು ತೆರೆದರೆ ಚಾಪೆ ಕೋಣೆಯ ನಟ್ಟನಡುವೆ ಕಂಬ. ತೊಡೆ ಗಾತ್ರದ ನೀಲಗಿರಿ ಮರ, ಸಿಪ್ಪೆ ಕೂಡ ಪೂರ್ತಿ ಕೆರೆದಿಲ್ಲ. ಬುಡದಲ್ಲಿ ಹಲಗೆ, ತಲೆಯಲ್ಲಿ ಬೆಣೆ ಹೊಡೆದು ಚಪ್ಪಡಿಗೆ ಬಿಗಿ ಮಾಡಿದ್ದಾರೆ. ಎಳೆದು ತಂದ ಗುರುತು ನೆಲದ ಕಲ್ಲಿನ ಮೇಲೆ ಬಾಗಿಲಿಂದ ನಡುವಿನವರೆಗೂ ಗೀರಾಗಿ ಬಿದ್ದಿದೆ. ಇವರು ಅದರ ಬುಡದಲ್ಲಿ ಕೂತಿದ್ದರು. ಆ ಮುಖದಲ್ಲಿ ಒಂದು ನೆಮ್ಮದಿ ಇತ್ತು, ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕದಿರಪ್ಪನನ್ನು ಕರೆಸಿ ಇವರ ಕಣ್ಣೆದುರಿಗೇ ಬೆಣೆ ತೆಗೆಸಿ ಕಂಬ ಬೀಳಿಸಿದೆ. ಇವರು ಒಂದೇ ಒಂದು ಸಲ, "ಬ್ಯಾಡ ರತ್ನ" ಎಂದರು. ಕಂಬವನ್ನು ಹಿತ್ತಲಿಗೆ ಹಾಕಿಸಿದ್ದೇನೆ. ಗೀರು ಹೋಗುವುದಿಲ್ಲವಂತೆ.

5 ಮೇ

ಇವರಿಲ್ಲ. ಬೆಳಿಗ್ಗೆಯ ರೈಲಿಗೆ ಹೋದರೆಂದು ತಮ್ಮ ಹೇಳಿದ. ಚೀಲ ತೆಗೆದುಕೊಂಡು ಹೋಗಿದ್ದಾರೆ.

ಹೋಗಲಿ.

9 ಮೇ, ಶನಿವಾರ

ಕುಪ್ಪುಸ್ವಾಮಿಯ ಮನೆಯಲ್ಲಿದ್ದಾರೆ ಎಂದು ಸ್ಟೇಷನ್ನಿನಲ್ಲಿ ಸಿಕ್ಕ ಲೈನಿನವರು ಹೇಳಿದರು. ನಾನೇನೂ ಕೇಳಿರಲಿಲ್ಲ.

ಬೇಸಿಗೆ ರಜೆ, ಕೆಲಸವಿಲ್ಲ. ಚಾಪೆ ಶುರು ಮಾಡಿದೆ. ನೆನೆದ ಗರಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡು, ಅಜ್ಜಿ ಹೇಳಿದ ಹಾಗೆ ಎರಡು ಎತ್ತಿ ಎರಡು ಬಿಟ್ಟು ಹೆಣೆಯುತ್ತಾ ಕೂತೆ. ಎಷ್ಟು ವರ್ಷ ಕಾದಿದ್ದ ಕೋಣೆ. ಎದುರಿಗೆ ಹದಿನೆಂಟಡಿ ಬರಿ ನೆಲ. ಎರಡಡಿ ಆದ ಮೇಲೆ ನೋಡಿದರೆ ಲೆಕ್ಕ ತಪ್ಪಿದೆ, ಮೂರು ಎತ್ತಿದ್ದೇನೆ. ಬಿಚ್ಚಿದೆ. ಮತ್ತೆ ತಪ್ಪಿತು. ಹತ್ತು ವರ್ಷದವಳಿದ್ದಾಗಲೂ ಇಂಥ ತಪ್ಪು ಮಾಡಿದವಳಲ್ಲ. ಗಾಳಿ ಜಾಸ್ತಿ, ಗರಿ ಬೇಗ ಒಣಗುತ್ತಿದೆ, ಅದಕ್ಕೇ ಇರಬೇಕು.

ರಾತ್ರಿ ಚಾಪೆ ಕೋಣೆಯಲ್ಲೇ ಮಲಗುತ್ತೇನೆ, ಹಾಸಿಗೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ನಡುವೆ ಮಲಗಿದರೆ ಕಿಟಕಿಯ ಬಿಸಿಲು ಮುಖಕ್ಕೆ ಬರುತ್ತದೆ.

13 ಮೇ, ಬುಧವಾರ

ಮಧ್ಯಾಹ್ನ ಸುಮ್ಮನೆ ಮಲಗಿ ಚಪ್ಪಡಿ ಎಣಿಸಿದೆ. ಹನ್ನೆರಡು. ಏಳನೆಯದರಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ಕದಿರಪ್ಪ ಬಂದು ನೋಡಿ ಅದು ಕಲ್ಲಿನ ಹುಟ್ಟುಗೆರೆ, ಬಿರುಕಲ್ಲ ಎಂದ. ಏಣಿ ಹಾಕಿಸಿ ಬೆರಳಿಂದ ಮುಟ್ಟಿ ನೋಡಿದೆ. ಬಿರುಕಲ್ಲ.

ಒಬ್ಬಳಿಗೆ ಅಡುಗೆ ಮಾಡಿ ರೂಢಿಯಿಲ್ಲ. ದಿನವೂ ಎರಡು ಮುದ್ದೆ ಕಟ್ಟುತ್ತೇನೆ, ಒಂದು ಹಸುವಿಗೆ ಹೋಗುತ್ತದೆ.

17 ಮೇ, ಭಾನುವಾರ

ಇವತ್ತಿನದನ್ನು ಎಲ್ಲ ಬರೆಯಬೇಕು. ಬರೆಯದೆ ಇದ್ದರೆ ನಾಳೆ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಬೆಳಿಗ್ಗೆಯ ರೈಲಿಗೆ ಚಾಂಪಿಯನ್‌ಗೆ ಹೋದೆ. ಕರೆದು ತರಲು ಅಲ್ಲ, ಇದು ಸಂಸಾರವೋ ಅಲ್ಲವೋ ಕೇಳಿಬಿಡಲು. ಕುಪ್ಪುಸ್ವಾಮಿಯ ಮನೆಯವರೆಗೆ ಹೋಗಬೇಕಾಗಲಿಲ್ಲ. ಇವರು ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ದಿನವೂ ಅಲ್ಲೇ ಕೂರುತ್ತಾರಂತೆ. ಗಡ್ಡ ಬಂದಿದೆ, ಅರ್ಧ ಬಿಳಿ. ಪಕ್ಕದಲ್ಲಿ ಕೂತೆ. ಚಪ್ಪಡಿ ಗಟ್ಟಿಯಾಗಿದೆ, ಏಣಿ ಹತ್ತಿ ನಾನೇ ಮುಟ್ಟಿ ನೋಡಿದ್ದೇನೆ, ಬೀಳುವುದಿಲ್ಲ, ನಿಮಗೆ ಇಷ್ಟು ಭಯವಿದೆ ಎಂದು ನನಗೆ ತಿಳಿಯಲಿಲ್ಲ ಎಂದೆ.

"ಬೀಳ್ತದೆ ಅಂತ ಭಯ ಅಲ್ಲ ಕಣೆ," ಎಂದರು.

ಆಮೇಲೆ ಹೇಳಿದರು. ನನ್ನ ಕಡೆ ನೋಡಲಿಲ್ಲ, ಹಳಿಯ ಕಡೆ ನೋಡಿಕೊಂಡೇ ಹೇಳಿದರು.

"ಆವತ್ತು ಮೂರು ಕಂಬ ನಿಲ್ಲಿಸ್ಬೇಕಿತ್ತು. ಎರಡು ನಿಲ್ಲಿಸ್ದೆ. ಬಂಡೆ ಒಡೆದು ಜಾಗ ಬಿಚ್ಚಿದೋರೇ ಕಂಬ ನಿಲ್ಲಿಸಿ ಮೇಲಕ್ಕೆ ಬರ್ಬೇಕು, ಮುಂದಿನ ಶಿಫ್ಟಿಗೆ ಬಿಡಂಗಿಲ್ಲ. ಯಾರೂ ಬಿಡಾಕಿಲ್ಲ. ನಾನು ಬಿಟ್ಟೆ. ಮೂರು ಗಂಟೆ ರೈಲಿತ್ತು."

ಮೇಲೆ ಬಂದಾಗ ದೊಡ್ಡವೆಂಕಟಪ್ಪ ಎರಡನೇ ಶಿಫ್ಟಿಗೆ ಇಳಿಯಲು ನಿಂತಿದ್ದನಂತೆ. ಒಂದು ಕಂಬ ಉಳಿದಿದೆ ಎಂದು ಇವರು ಹೇಳಿದ್ದಕ್ಕೆ, ಓಗಲಾ, ಸೈಟು ನೋಡ್ಕಂಡ್ ಬಾ, ನಾನ್ ನಿಲ್ಲಿಸ್ಕಂತೀನಿ ಎಂದು ಬೆನ್ನಿಗೆ ಗುದ್ದಿ ಕಳಿಸಿದನಂತೆ. ಆ ಕಂಬ ನಿಲ್ಲಿಸಲು ಹೋದಾಗಲೇ ಬಂಡೆ ಕುಸಿದದ್ದು.

ನನಗೆ ಆ ದಿನದ ಬೆಳಿಗ್ಗೆ ನೆನಪಿದೆ. ಬುತ್ತಿ ಕೈಗೆ ಕೊಡುತ್ತಾ ಹೇಳಿದ್ದೆ, ನೀವು ಯಾವತ್ತೂ ಹೇಳಿದ ಹೊತ್ತಿಗೆ ಬಂದವರಲ್ಲ, ಇವತ್ತು ಮೂರು ಗಂಟೆ ರೈಲು ತಪ್ಪಿಸಿದರೆ ಸೈಟಿನ ನಮ್ಮ ಪಾಲಿಗೆ ನನ್ನೊಬ್ಬಳ ಹೆಸರೇ ಬರೆಸುತ್ತೇನೆ ಎಂದು. ಆ ದಿನದ ಡೈರಿಯಲ್ಲಿ ಏನು ಬರೆದಿದ್ದೇನೆ ಎನ್ನುವುದೂ ನೆನಪಿದೆ. ಇವರು ಇವತ್ತು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ಮದುವೆಯಾದ ಮೇಲೆ ಇದೇ ಮೊದಲು ಎಂದು. ಸಂತೋಷದಿಂದ ಕೆಳಗೆ ಗೆರೆ ಎಳೆದಿದ್ದೆ.

ಆಮೇಲೆ ಒಂದೂವರೆ ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಈ ಸೈಟೇ ಇವರನ್ನು ಉಳಿಸಿತು ಎಂದು. ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿದೆ. ಮಂಗಮ್ಮನಿಗೂ ಹೇಳಿದೆ, ಅವಳ ಮನೆಯ ಜಗಲಿಯಲ್ಲೇ ಕೂತು. ನನ್ನ ನಾಲಿಗೆ ಯಾಕೆ ಬಿದ್ದು ಹೋಗಲಿಲ್ಲವೋ.

ಹೇಳಬಾರದಿತ್ತೇ ಎಂದು ಕೇಳಿದೆ. ಏನಂತ ಹೇಳಲಿ, ನೀನು ಮನೆ ನಕ್ಷೆ ಬರೀತಿದ್ದೆ ಎಂದರು. ಇಬ್ಬರೂ ಅತ್ತೆವು. ಬೆಂಚಿನ ಆ ಕೊನೆಯಲ್ಲಿ ಕೂತಿದ್ದ ಹೂವಿನವಳು ಬುಟ್ಟಿ ಎತ್ತಿಕೊಂಡು ದೂರ ಹೋಗಿ ಕೂತಳು.

ಮಂಗಮ್ಮನ ಹತ್ತಿರ ಹೋಗೋಣ ಎಂದೆ. ಇವರು ತಲೆ ಅಲ್ಲಾಡಿಸಿದರು. ನಾನು ಕೈ ಬಿಡಲಿಲ್ಲ. ಬೆಂಚಿನಿಂದ ಎಬ್ಬಿಸಿ ಮುಂದಿನ ರೈಲು ಹತ್ತಿಸಿದೆ. ನಡುವೆ ಊರಿಗಾಂ ಸ್ಟೇಷನ್ನು ಬಂದಾಗ ಇಳಿದುಬಿಡುತ್ತೇನೆ ಎಂದು ಎದ್ದರು, ಅಂಗಿ ಹಿಡಿದು ಕೂರಿಸಿದೆ.

ಕೋರಮಂಡಲ್‌ನಲ್ಲಿ ಮಂಗಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಇವರು ಬಾಗಿಲ ಹೊರಗೇ ನಿಂತು, ಚಪ್ಪಲಿ ಕೂಡ ಬಿಡದೆ, ನನಗೆ ಹೇಳಿದ್ದನ್ನೇ ಮತ್ತೆ ಹೇಳಿದರು. ಇನ್ನೂ ಕಡಿಮೆ ಮಾತಿನಲ್ಲಿ. ಮಂಗಮ್ಮ ಮೊರ ಕೆಳಗಿಡಲಿಲ್ಲ.

"ಗೊತ್ತಣ್ಣ. ನೀವಿಬ್ರೂ ಮಾತಾಡಿದ್ದ ಕುಪ್ಪುಸ್ವಾಮಿ ಕೇಳಿಸ್ಕಂಡಿದ್ದ, ಆವತ್ತೇ ಏಳ್ದ. ಲೈನಲ್ಲಿ ಎಲ್ರಿಗೂ ಗೊತ್ತು." ನನ್ನ ಕಡೆ ತಿರುಗಿದಳು. "ಟೀಚರಮ್ಮಂಗೆ ಮಾತ್ರ ಗೊತ್ತಿಲ್ಲ ಅಂತ ಮಾರ್ಚಲ್ಲಿ ಬಂದಾಗ ತಿಳೀತು."

ಎಲ್ಲರಿಗೂ ಗೊತ್ತಿತ್ತು. ಕುಪ್ಪುಸ್ವಾಮಿ ಪಾಯಸಕ್ಕೆ ಕಾಯದೆ ಹೋದದ್ದು ಸುಮ್ಮನಲ್ಲ. ಅಕ್ಕಪಕ್ಕದ ಮನೆಯವರು ದಿನವೂ ನನ್ನ ಬಾಯಿಂದ ಆ ಕಥೆ ಕೇಳಿ ತಲೆಯಾಡಿಸಿದರು. ಮಕ್ಕಳ ಮುಖ ನೋಡಿ ಸುಳ್ಳು ಹಿಡಿಯುತ್ತೇನೆಂದು ಜಂಭ ಪಡುವ ಟೀಚರು ನಾನು.

ಮಂಗಮ್ಮ ಇವರನ್ನು ನೋಡಿ ಹೇಳಿದಳು, "ಕೋಪ ಇಲ್ಲ ಅಂತ ಸುಳ್ಳು ಏಳಾಕಿಲ್ಲ. ಕಂಬ ಬಿಟ್ಟಿದ್ದಕ್ಕೆ ಬಾಳ ದಿನ ಕೋಪ ಇತ್ತು. ಆಮ್ಯಾಕೆ ನೀನು ಈ ಕಡೆ ತಲೇನೇ ಆಕ್ಲಿಲ್ವಲ್ಲ, ಅದಕ್ಕೆ ಅದರ ಎರಡರಷ್ಟಾಯ್ತು. ಅವನ ತಿಥಿಗೂ ಬರ್ಲಿಲ್ಲ ನೀನು."

ಇವರು ಕೈ ಮುಗಿಯಲು ಹೋದರು. ಅವಳು ಅದನ್ನು ನೋಡದೆ ಎದ್ದು ಒಳಗೆ ಹೋಗಿ ಕಾಫಿ ತಂದಳು. ಇವರಿಗೆ ಗಂಡನ ಲೋಟದಲ್ಲಿ ಕೊಟ್ಟಳು, ಅದರ ಮೇಲೆ ಅವನ ಹೆಸರು ಕೊರೆಸಿತ್ತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆರುವವರೆಗೂ ಕುಡಿಯಲಿಲ್ಲ. ಅವನ ತಿಥಿ ಈ ಸಲ ಯಾವಾಗ ಬರುತ್ತದೆ, ಅವಳ ಮಗಳು ಎಷ್ಟನೇ ಕ್ಲಾಸು ಎಂದೆಲ್ಲ ಒಂದೆರಡು ಮಾತಾಯಿತು. ಹೊರಡುವಾಗ ಮಂಗಮ್ಮ ಬೀದಿಯವರೆಗೂ ಬಂದಳು.

"ಮನೆ ಎಂಗಾಯ್ತು ಟೀಚರಮ್ಮ?" ಎಂದಳು.

ಚುಚ್ಚಲು ಕೇಳಲಿಲ್ಲ. ಯಾರಾದರೂ ಮನೆ ಕಟ್ಟಿದರೆ ಕೇಳುತ್ತಾರಲ್ಲ, ಹಾಗೆ ಕೇಳಿದಳು. ನಾಲ್ಕು ತಿಂಗಳಿಂದ ಈ ಪುಸ್ತಕದ ತುಂಬ ಆ ಮನೆಯನ್ನೇ ಬರೆದಿದ್ದೇನೆ. ತೊಟ್ಟಿ, ಗಾರೆ, ಗಳ, ಚಪ್ಪಡಿ. ಅವಳಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ಅವಳೇ, ಒಂದಿನ ಬಂದು ನೋಡ್ತೀನಿ ಬಿಡಿ ಎಂದು ಹಿಂದಕ್ಕೆ ಹೋದಳು.

ಸಂಜೆಯ ರೈಲಿನಲ್ಲಿ ಹೆಚ್ಚು ಜನವಿರಲಿಲ್ಲ. ಇವರು ಕಿಟಕಿ ಪಕ್ಕ ಕೂತರು. ಕೋರಮಂಡಲ್ ಬಿಟ್ಟು ಐದು ನಿಮಿಷ ಆಗಿರಲಿಲ್ಲ, ತಲೆ ನನ್ನ ಹೆಗಲಿಗೆ ಬಿತ್ತು. ಮೊದಲು ಹೆದರಿದೆ. ಆಮೇಲೆ ಗೊರಕೆ ಕೇಳಿಸಿತು. ಬಾಯಿ ತೆರೆದುಕೊಂಡು, ನನ್ನ ಸೀರೆಗೆಲ್ಲ ಜೊಲ್ಲು ಸುರಿಸಿಕೊಂಡು ನಿದ್ದೆ. ಎದುರಿಗಿದ್ದ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕಳು. ಬಂಗಾರಪೇಟೆ ಬಂತು. ಅಲ್ಲಿ ಗಾಡಿ ಸುಮಾರು ಹೊತ್ತು ನಿಲ್ಲುತ್ತದೆ, ಎಬ್ಬಿಸಲು ಬೇಕಾದಷ್ಟು ಸಮಯವಿತ್ತು. ಜನ ಇಳಿದರು, ಬೇರೆಯವರು ಹತ್ತಿದರು. ಕೈ ಎತ್ತಿ ಎರಡು ಸಲ ಇವರ ಭುಜದವರೆಗೂ ಒಯ್ದೆ. ಗಾಡಿ ಹೊರಟಿತು.

ಬಂಗಾರಪೇಟೆ ದಾಟಿ ಟೇಕಲ್‌ನಲ್ಲಿ ಎಬ್ಬಿಸಲೇಬೇಕಾಯಿತು, ಮುಂದಕ್ಕೆ ಟಿಕೆಟ್ಟಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಕಣ್ಣುಜ್ಜಿಕೊಂಡು ಇದು ಯಾವೂರು ಎಂದರು. ಟೇಕಲ್ ಎಂದೆ. ನೀನೂ ಮಲಗಿಬಿಟ್ಟಿದ್ದೆಯಾ ಎಂದು ಕೇಳಿದರು. ಇಲ್ಲ, ಎಚ್ಚರವಾಗಿಯೇ ಇದ್ದೆ ಎಂದೆ. ವಾಪಸು ಗಾಡಿಗೆ ಒಂದೂವರೆ ಗಂಟೆ ಇತ್ತು. ಕಡಲೆಕಾಯಿ ಕೊಂಡು ಬೆಂಚಿನ ಮೇಲೆ ಕೂತೆವು. ಇವರು ದೊಡ್ಡವೆಂಕಟಪ್ಪನ ವಿಷಯ ಮಾತನಾಡಿದರು, ಅವನು ಹೇಗೆ ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದ, ಲಿಫ್ಟಿನಲ್ಲಿ ಇಳಿಯುವಾಗ ಹೇಗೆ ತೆಲುಗು ಪದ ಹಾಡುತ್ತಿದ್ದ ಎಂದು. ಅವನು ಹೋದ ಮೇಲೆ ಇವರ ಬಾಯಲ್ಲಿ ಅವನ ಹೆಸರು ಕೇಳಿದ್ದು ಇವತ್ತೇ ಮೊದಲು.

ಕಂಬ ಹಿತ್ತಲಲ್ಲೇ ಇದೆ, ನಾಳೆ ನಿಲ್ಲಿಸಿಬಿಡಿ ಎಂದೆ.

"ನಿನ್ ಚಾಪೆಗೆ ಅಡ್ಡ ಬತ್ತದೆ."

ಬರಲಿ, ಸುತ್ತ ಹೆಣೆದುಕೊಳ್ಳುತ್ತೇನೆ ಎಂದೆ.

ಇವರು ಕಡಲೆಕಾಯಿಯ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರು. "ಒಬ್ರೇ ನಿಲ್ಲಿಸ್ಬಾರ್ದು ಕಣೆ. ಬುಡ ಹಿಡಿಯೋಕೆ ಒಬ್ರು, ಬೆಣೆ ಒಡಿಯೋಕೆ ಒಬ್ರು. ಅವನು ಆವತ್ತು ಒಬ್ನೇ ಇದ್ದ."

ಬುಡ ನಾನು ಹಿಡಿಯುತ್ತೇನೆ ಎಂದೆ. ಬೆಳಿಗ್ಗೆ ಆರಕ್ಕೆ ಎಂದರು.